ಹನ್ನೆರಡೆಲೆಯ ಬಿಲ್ಲೆ

2025ರ ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 10.20ಕ್ಕೆ ಸ್ಟ್ಯಾನ್ಮೋರ್‌ನ ನಿವೃತ್ತ ವೈದ್ಯ ಡಾ. ಅಶ್ವತ್ಥನಾರಾಯಣ ಹ್ಯಾರೋ ಭಾಗದ ಪೊಲೀಸ್ ಠಾಣೆಗೆ ಬಂದು ಮನೆಯಲ್ಲಿ ಕಳ್ಳತನವಾಗಿದೆ ಎಂದು ದೂರು ಹೇಳಿದರು. ಏನು ಹೋಗಿದೆ ಎಂದು ಕೇಳಿದ್ದಕ್ಕೆ ಕೋಟಿನ ಜೇಬಿನಿಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು, ಅದರಲ್ಲಿದ್ದ ಕೆನೆಬಣ್ಣದ ದುಂಡನೆಯ ಬಿಲ್ಲೆಯನ್ನು ಕೌಂಟರಿನ ಮೇಲಿಟ್ಟರು.

"ಇದು ನಿಮ್ಮ ಹತ್ತಿರವೇ ಇದೆಯಲ್ಲ?" ಎಂದಳು ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ.

"ಇದಲ್ಲ. ಇದರ ಹಾಗೇ ಇರೋದು," ಎಂದರು ಡಾಕ್ಟರು.

ಇದು ಇನ್‌ಸ್ಪೆಕ್ಟರ್ ದರ್ಜೆಯವರು ಹೋಗುವ ಕೇಸಲ್ಲ. ಆದರೆ ಆ ವಾರ ಇಬ್ಬರು ಸಾರ್ಜೆಂಟರು ರಜೆಯಲ್ಲಿದ್ದರು, ದೂರುದಾರರು ಕೌಂಟರ್ ಬಿಟ್ಟು ಕದಲುವ ಲಕ್ಷಣವಿರಲಿಲ್ಲ. ಮಗಳ ಶಾಲೆಗೆ ಹೊರಟಿದ್ದ ಡಿಟೆಕ್ಟಿವ್ ಇನ್‌ಸ್ಪೆಕ್ಟರ್ ಸ್ಮೃತಿ ದೇಸಾಯಿ ಬ್ಯಾಗನ್ನು ಮತ್ತೆ ಕುರ್ಚಿಗೆ ನೇತುಹಾಕಿ ಕೆಳಗಿಳಿದು ಬಂದಳು. ಧಾರವಾಡದ ಮನೆಯವಳು, ಮಾತೂ ಅಲ್ಲಿಯದೇ ಉಳಿದಿತ್ತು. ಅವಳ ಜೊತೆ ಬರೆದುಕೊಳ್ಳಲು ಕಾನ್‌ಸ್ಟೇಬಲ್ ಋಷಿಕೇಶ್ ಕೂತ. ಅವನ ತಂದೆತಾಯಿ ಬೆಂಗಳೂರಿನವರು. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಬಿಟ್ಟರೆ ಇಂಗ್ಲಿಷ್ ಬರುತ್ತದೆ.

"ಎಫ್‌ಐಆರ್ ಕಾಪಿ ಕೊಡ್ತೀರಲ್ಲಮ್ಮ?" ಎಂದರು ಡಾಕ್ಟರು.

"ಇಲ್ಲೆ ಎಫ್‌ಐಆರ್ ಅನ್ನೂದಿಲ್ರಿ ಡಾಕ್ಟ್ರ. ಕ್ರೈಮ್ ರೆಫರೆನ್ಸ್ ನಂಬರ್ ಕೊಡ್ತೀವಿ. ಇದೇನು, ಮೊದ್ಲ ಹೇಳ್ರಿ."

ಡಾಕ್ಟರು ಹೇಳಿದರು. ಅದು ಕ್ಯಾಸಿನೋ ಚಿಪ್. ಜೂಜಿನ ಮೇಜಿನ ಮೇಲೆ ದುಡ್ಡಿನ ಬದಲು ಇಡುವ ಬಿಲ್ಲೆ. ಮೇಫೇರ್‌ನಲ್ಲಿ 1971ರಲ್ಲಿ ಮುಚ್ಚಿಹೋದ ಲಾರ್ಕ್‌ಫೀಲ್ಡ್ ಕ್ಲಬ್ಬಿನ ಒಂದು ಪೌಂಡಿನ ಚಿಪ್. ಡಾಕ್ಟರು ಜೂಜಾಡಿದವರಲ್ಲ, ಮೂವತ್ತು ವರ್ಷದಿಂದ ಇಂಥವನ್ನು ಸಂಗ್ರಹಿಸುವವರು.

"ಹೆಂಗ ಗೊತ್ತಾತ್ರಿ ಬದ್ಲಿ ಆಗೇದಂತ?"

"ಪ್ರತಿ ಭಾನುವಾರ ಲೆನ್ಸ್ ಹಿಡ್ಕೊಂಡು ಎಲ್ಲಾ ನೋಡ್ತೀನಿ. ಅಂಚಿನ ಸುತ್ತ ಎಲೆ ಒತ್ತಿರೋದು ಕಾಣುತ್ತಾ? ನಂದರಲ್ಲಿ ಹನ್ನೆರಡು. ಹೋದ ಭಾನುವಾರಾನೂ ಎಣಿಸಿದೀನಿ. ನಿನ್ನೆ ಎಣಿಸಿದ್ರೆ ಹತ್ತು."

"ಕಿಮ್ಮತ್ತು?"

"ಇದಕ್ಕೆ ಇಪ್ಪತ್ತೈದು ಪೌಂಡ್. ನಂದಕ್ಕೆ ನಾಲ್ಕು ಸಾವಿರದ ಎಂಟ್ನೂರು."

ಋಷಿಕೇಶ್ ಪೆನ್ ನಿಲ್ಲಿಸಿದ. "ಫಾರ್ ಟೂ ಲೀವ್ಸ್?"

"ಅದೇ ಕಣಪ್ಪ ವಿಷಯ. ಇನ್ನೂ ಮಜಾ ಏನಂದ್ರೆ ನಾನದನ್ನ ತಗೊಂಡಿದ್ದು ಬರೀ ಮೂವತ್ತು ಪೌಂಡಿಗೆ." ಡಾಕ್ಟರ ಮುಖ ಅರಳಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಅದೊಂದು ದೊಡ್ಡ ಕತೆ. 2011ನೇ ಇಸವಿ..."

"ಕತಿ ಆಮ್ಯಾಲೆ ಕೇಳ್ತೀನ್ರಿ," ಎಂದಳು ಸ್ಮೃತಿ, ಗಡಿಯಾರ ನೋಡುತ್ತ. ಆ ಮಾತು ಆಡಬಾರದಿತ್ತು ಎಂದು ಅವಳಿಗೆ ತಿಳಿದದ್ದು ಮೂರು ದಿನದ ಮೇಲೆ.

*

ಅದೇ ದಿನ ಮಧ್ಯಾಹ್ನ 2.30ಕ್ಕೆ ಇಬ್ಬರೂ ಸ್ಟ್ಯಾನ್ಮೋರ್‌ನ ಮನೆಗೆ ಹೋದರು. ಓದುವ ಕೋಣೆಯಲ್ಲಿ ಗಾಜಿನ ಮುಚ್ಚಳದ ಮೇಜು, ಅದರೊಳಗೆ ಮಕಮಲ್ಲಿನ ಗುಳಿಗಳಲ್ಲಿ ನೂರಾ ನಲವತ್ತು ಚಿಪ್‌ಗಳು. ಬೀಗ ಒಡೆದಿರಲಿಲ್ಲ. ಕೀಲಿಕೈ ಪಕ್ಕದ ಪೆನ್ ಸ್ಟ್ಯಾಂಡಿನಲ್ಲಿತ್ತು. ಅದು ಅಲ್ಲಿರುವುದು ಮನೆಗೆ ಬಂದವರಿಗೆಲ್ಲ ಗೊತ್ತು. ಋಷಿಕೇಶ್ ಫೋಟೋ ತೆಗೆದು, ಹತ್ತೆಲೆಯ ಚಿಪ್ಪನ್ನು ಲಕೋಟೆಗೆ ಹಾಕಿ ಮೊಹರು ಮಾಡಿ, ತನ್ನ ಇನಿಷಿಯಲ್ ಬರೆದ.

"ಪಂಚನಾಮೆಗೆ ಪಕ್ಕದ ಮನೆಯೋರನ್ನ ಕರೀಲಾ?" ಎಂದರು ಡಾಕ್ಟರು.

"ಬ್ಯಾಡ್ರಿ. ಅವನ ಸಹಿ ಸಾಕು. ಹೋದ ಭಾನುವಾರದಿಂದ ನಿನ್ನೆ ತನಕ ಈ ಖೋಲಿಗೆ ಯಾರ್‍ಯಾರು ಬಂದಿದ್ರು?"

ಶನಿವಾರ, 4ನೇ ತಾರೀಕು, ದಸರಾ ಊಟಕ್ಕೆ ಹದಿನಾಲ್ಕು ಜನ ಬಂದಿದ್ದರು. ಅದಕ್ಕೆ ಮೊದಲು ಬುಧವಾರ ಆಯುಧಪೂಜೆ. ಅಡುಗೆಯ ಶಿವಕ್ಕ ಬೆಳಿಗ್ಗೆಯಿಂದ ಮನೆ ಒರೆಸಿ ಪೂಜೆಗೆ ಅಣಿ ಮಾಡಿದ್ದರು.

"ಬೇರೆ ಯಾರೂ ಇಲ್ಲ. ಅವಳದೇ ಕೆಲಸ," ಎಂದರು ಡಾಕ್ಟರು. "ಊಟಕ್ಕೆ ಬಂದೋರೆಲ್ಲ ನಮ್ಮೋರು."

"ಹಂಗಾದ್ರ ಶಿವಕ್ಕ ಯಾರವ್ರು?"

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮೀರಾ ಫೋನನ್ನು ಸ್ಮೃತಿಯ ಕೈಗೆ ಕೊಟ್ಟರು. "ಇದನ್ನೂ ನೋಡಿಬಿಡಿ. ನಿನ್ನೆ ರಾತ್ರಿ ಹಾಕಿದಾರೆ, ನನ್ನ ಒಂದು ಮಾತು ಕೇಳದೆ."

ಕನ್ನಡ ಬಳಗದ ವಾಟ್ಸಾಪ್ ಗುಂಪು, ಇನ್ನೂರ ಹತ್ತು ಮಂದಿ. ಡಾಕ್ಟರ ಸಂದೇಶ ಚಿಕ್ಕದು: 'ನಮ್ಮ ಮನೆಯಲ್ಲಿ ಬೆಲೆಬಾಳುವ ವಸ್ತು ಕಳುವಾಗಿದೆ. ಅಡುಗೆಗೆ ಬರುವವರ ಬಗ್ಗೆ ಎಲ್ಲರೂ ಎಚ್ಚರದಿಂದಿರಿ.' ಸ್ಟ್ಯಾನ್ಮೋರ್‌ನಿಂದ ರೇನರ್ಸ್ ಲೇನ್‌ವರೆಗೆ ಬಳಗದ ಮನೆಗಳಿಗೆ ಅಡುಗೆಗೆ ಹೋಗುವವರು ಒಬ್ಬರೇ. ಹೆಸರು ಬರೆಯುವ ಅಗತ್ಯವಿರಲಿಲ್ಲ.

"ಇದನ್ನ ತಗೀರಿ ಡಾಕ್ಟ್ರ."

"ಅವಳಲ್ಲ ಅಂತ ಸಾಬೀತಾಗಲಿ, ತೆಗೀತೀನಿ."

ಕಾರಿಗೆ ಬಂದ ಮೇಲೆ ಋಷಿಕೇಶ್ ಕೇಳಿದ: "ಡು ಯು ಥಿಂಕ್ ಶಿ ಡಿಡ್ ಇಟ್, ಮ್ಯಾಮ್?"

"ನೂರಾ ನಲವತ್ತರಾಗ ಅದೊಂದ ಆರಿಸ್ಬೇಕು. ಅದರಂಗ ಇರೂ ಇನ್ನೊಂದು ಮೊದ್ಲ ಕಿಸೆದಾಗ ಇಟ್ಕೊಂಡು ಬಂದಿರ್ಬೇಕು. ನಿನಗ ಇವತ್ತ ಮುಂಜಾನೆ ತನಕ ಆ ಎಲಿ ಫರಕ್ ಗೊತ್ತಿತ್ತೇನು?"

*

ಅಕ್ಟೋಬರ್ 7, ಬೆಳಿಗ್ಗೆ 11. ಶಿವಕ್ಕನ ಫ್ಲ್ಯಾಟ್ ಸೌತ್ ಹ್ಯಾರೋದಲ್ಲಿ, ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ವಯಸ್ಸು ಐವತ್ತೆರಡು, ಊರು ಮಂಡ್ಯದ ಕಡೆ. ಇಪ್ಪತ್ತೊಂದು ವರ್ಷದ ಹಿಂದೆ ಒಬ್ಬ ಡಾಕ್ಟರ ಮನೆಯವರ ಜೊತೆ ಅಡುಗೆಗೆಂದು ಬಂದು ಇಲ್ಲೇ ನಿಂತವರು. ಗಂಡ ಬಸ್ ಡ್ರೈವರ್. ಬೆಳಿಗ್ಗೆ ಹನ್ನೊಂದಕ್ಕೆ ಶಿವಕ್ಕ ಮನೆಯಲ್ಲಿದ್ದದ್ದೇ ವಿಶೇಷ.

"ಎಂಟು ಮನೆ ಮಾಡ್ತಿದ್ದೆ ಕಣವ್ವ. ನೆನ್ನೆಯಿಂದ ಐದು ಮನೆಯೋರು ಬ್ಯಾಡ ಅಂದವ್ರೆ. ಯಾಕೆ ಅಂತ ಯಾರೂ ಯೋಳಲ್ಲ. ಅವರೇ ಮಾಡ್ಕತಾರಂತೆ. ದೀಪಾವಳಿಗೆ ಚಕ್ಕುಲಿ, ಕೋಡುಬಳೆ ಅಂತ ಹದಿನೈದು ಮನೆಯೋರು ಯೋಳಿದ್ರು, ಅದೂ ಹೋಯ್ತು."

ಅಡುಗೆಮನೆಯ ಮೂಲೆಯಲ್ಲಿ ಹತ್ತು ಕಿಲೋದ ಎರಡು ಅಕ್ಕಿಹಿಟ್ಟಿನ ಚೀಲಗಳು ಒರಗಿದ್ದವು.

"ಬುಧವಾರ ಆ ಖೋಲಿಗೆ ಹೋಗಿದ್ರೇನು?"

"ಹೋಗಿದ್ದೆ. ಒರೆಸಕ್ಕೆ."

"ಗಾಜಿನ ಮೇಜು ತಗದಿದ್ರೇನು?"

ಶಿವಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇಲ್ಲ. ಮುಟ್ಟಿಲ್ಲ."

ಸ್ಮೃತಿ ಅದನ್ನು ಬರೆದುಕೊಂಡಳು. ಉತ್ತರ ಬರಲು ತುಸು ಹೊತ್ತು ಹಿಡಿಯಿತು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಂಡಳು.

*

ಅಕ್ಟೋಬರ್ 9, ಗುರುವಾರ. ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮಿಸೆಸ್ ಪ್ರಿಚರ್ಡ್ ಎಂಬ ಎಪ್ಪತ್ತರ ಹೆಂಗಸು ಹಳೆಯ ಕ್ಯಾಸಿನೋ ಸಾಮಾನು ಮಾರುತ್ತಾರೆ. ಗಂಡ ಲಾರ್ಕ್‌ಫೀಲ್ಡ್ ಕ್ಲಬ್ಬಿನಲ್ಲಿ ಇಸ್ಪೀಟು ಹಂಚುತ್ತಿದ್ದವರು. ಮಾತು ಇಂಗ್ಲಿಷಿನಲ್ಲಿ ನಡೆಯಿತು.

"ಎರಡಕ್ಕೂ ಒಂದೇ ಚಿತ್ರ, ಒಂದೇ ಬಣ್ಣ. ಬೆಲೆ ಮಾತ್ರ ಯಾಕೆ ಇಷ್ಟು ಬೇರೆ?" ಎಂದು ಸ್ಮೃತಿ ಕೇಳಿದಳು.

"ಚಿತ್ರಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಎಷ್ಟು ಉಳಿದಿವೆ, ಅದಕ್ಕೆ ಕೊಡುತ್ತಾರೆ." ಮಿಸೆಸ್ ಪ್ರಿಚರ್ಡ್ ಚಹಾದ ಲೋಟ ಪಕ್ಕಕ್ಕಿಟ್ಟರು. "ಕ್ಲಬ್ ಮೊದಲು ಮಾಡಿಸಿದ ಚಿಪ್ಪಿನ ಜೇಡಿಮಣ್ಣು ಸರಿಯಿರಲಿಲ್ಲ. ಮೂರೇ ವಾರದಲ್ಲಿ ಅಂಚು ಉದುರತೊಡಗಿತು. ಎಲ್ಲ ವಾಪಸ್ ತೆಗೆದು ಪುಡಿ ಮಾಡಿದರು. ಕೆಲಸದವರು ಜೇಬಿಗೆ ಹಾಕಿಕೊಂಡು ಹೋದ ಕೆಲವು ಮಾತ್ರ ಉಳಿದವು. ನನಗೆ ಗೊತ್ತಿರುವ ಹಾಗೆ ಏಳು. ಆಮೇಲೆ ಇನ್ನೊಂದು ಕಾರ್ಖಾನೆ ಅದೇ ಚಿತ್ರ ಹಾಕಿ ಮಾಡಿಕೊಟ್ಟಿತು. ಅವರ ಅಚ್ಚಿನಲ್ಲಿ ಹತ್ತೇ ಎಲೆ. ಕ್ಲಬ್ ಮುಚ್ಚಿದಾಗ ಅವು ಮೂಟೆಗಟ್ಟಲೆ ಹೊರಗೆ ಬಂದವು."

"ಉಳಿದ ಏಳಕ್ಕೂ ಒಂದೇ ಬೆಲೆಯೆ?"

"ಎಲ್ಲಿಯ ಮಾತು! ಅಂಚು ಚೂಪಾಗಿದ್ದರೆ ಐದು ಸಾವಿರ, ಸವೆದಿದ್ದರೆ ಎರಡು. ಕೊಳೆ ಇದ್ದರೆ ಇರಲಿ. ಯಾರಾದರೂ ಮಹಾನುಭಾವರು ತೊಳೆದಿದ್ದರೆ ಮಾತ್ರ ಮುಗಿಯಿತು. ಜೇಡಿ ನೀರು ಕುಡಿಯುತ್ತದೆ, ಹೊಳಪು ಹೋಗುತ್ತದೆ." ಆಮೇಲೆ ನಕ್ಕು ಸೇರಿಸಿದರು: "ಮಾರುವವನಿಗೆ ಎಣಿಸಲು ಬರದಿದ್ದರೆ ಎಲ್ಲದಕ್ಕೂ ಒಂದೇ ಬೆಲೆ."

ಸ್ಮೃತಿ ಲಕೋಟೆಯಲ್ಲಿದ್ದ ಹತ್ತೆಲೆಯ ಚಿಪ್ಪನ್ನು ತೋರಿಸಿದಳು. ಮಿಸೆಸ್ ಪ್ರಿಚರ್ಡ್ ಅದನ್ನು ಲಕೋಟೆಯ ಮೇಲಿಂದಲೇ ಲೆನ್ಸ್ ಹಿಡಿದು ನೋಡಿ, ಏಳನೇ ಎಲೆಯ ಬಳಿ ನಿಂತರು. ಅಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಹಾರಿತ್ತು.

"ಇದು ನನ್ನ ಅಂಗಡಿಯದು. ಮಾರುವ ಪ್ರತಿಯೊಂದರದೂ ಫೋಟೋ ತೆಗೆದಿಡುತ್ತೇನೆ, ಆಮೇಲೆ ಜಗಳ ಬೇಡವೆಂದು."

ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಕಂಪ್ಯೂಟರಿನಲ್ಲಿ ಫೋಟೋ ಸಿಕ್ಕಿತು. ಅದೇ ಚಕ್ಕೆ. 2019ರ ಮಾರ್ಚ್. ಕೊಂಡವರು ನರಸಿಂಹಮೂರ್ತಿ, ರೇನರ್ಸ್ ಲೇನ್.

ಹೊರಗೆ ಬಂದು ಸ್ಮೃತಿ ಡಾಕ್ಟರಿಗೆ ಫೋನ್ ಮಾಡಿದಳು. "ಡಾಕ್ಟ್ರ, ಆ ಮೂವತ್ತು ಪೌಂಡಿನ ಕತಿ ಈಗ ಹೇಳ್ರಿ."

ಡಾಕ್ಟರು ಖುಷಿಯಿಂದ ಹೇಳಿದರು. 2011ರಲ್ಲಿ ಒಬ್ಬ ಸ್ನೇಹಿತ ತನ್ನ ಹತ್ತಿರ ಹೆಚ್ಚಾಗಿದ್ದ ಒಂದು ಚಿಪ್ಪನ್ನು ಸಾಧಾರಣದ್ದು ಎಂದುಕೊಂಡು ಅವರಿಗೆ ಮಾರಿದ. ಡಾಕ್ಟರು ಅಲ್ಲೇ, ಅವನ ಮನೆಯ ಸೋಫಾದ ಮೇಲೆ, ಎಲೆ ಎಣಿಸಿದರು. ಏನೂ ಹೇಳದೆ ಮೂವತ್ತು ಪೌಂಡ್ ಕೊಟ್ಟು, ಕಾಫಿ ಕುಡಿದು ಎದ್ದು ಬಂದರು. "ಹದಿನಾಲ್ಕು ವರ್ಷದಿಂದ ಎಲ್ಲಾ ಪಾರ್ಟೀಲೂ ಹೇಳ್ತೀನಿ. ನಮ್ಮ ನರಸಿಂಹಮೂರ್ತೀನೇ ಅವನು. ಮೊನ್ನೆ ಶನಿವಾರಾನೂ ಹೇಳಿದೆ. ಅವನ ಮಗಳಿಗೆ ಗಂಡು ಗೊತ್ತಾಗಿದೆ, ಬೀಗರೂ ಬಂದಿದ್ರು. ನಕ್ಕೂ ನಕ್ಕೂ ಸುಸ್ತು."

"ಮೂರ್ತಿಯವ್ರೂ ನಕ್ರೇನು?"

"ಅವನು ಕೈ ತೊಳ್ಕೊಳ್ಳೋಕೆ ಹೋಗಿದ್ದ ಅನ್ಸುತ್ತೆ."

ಕೈ ತೊಳೆಯುವ ಜಾಗ ಓದುವ ಕೋಣೆಯ ಪಕ್ಕದಲ್ಲಿತ್ತು.

*

ಅಕ್ಟೋಬರ್ 14ರ ಬೆಳಿಗ್ಗೆ 8.10ಕ್ಕೆ ಮ್ಯಾಜಿಸ್ಟ್ರೇಟರ ವಾರಂಟ್ ಹಿಡಿದು ರೇನರ್ಸ್ ಲೇನ್‌ನ ಮನೆ ತಟ್ಟಿದರು. ನರಸಿಂಹಮೂರ್ತಿ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಐವತ್ತೆಂಟು ವರ್ಷ. ವಾರಂಟ್ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹೆಂಡತಿ ಭುವನೇಶ್ವರಿ ಒಲೆಯ ಮುಂದಿದ್ದರು. ಉಪ್ಪಿಟ್ಟು ತಳ ಹಿಡಿದ ವಾಸನೆ ಬರುತ್ತಿತ್ತು.

"ಶಿವಕ್ಕ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ," ಎಂದರು ಭುವನೇಶ್ವರಿ, ಬಾಣಲೆಗೆ ನೀರು ಹಾಕುತ್ತ. "ಶನಿವಾರ ಶನಿವಾರ ಬರ್ತಿದ್ರು, ವಾರಕ್ಕಾಗೋಷ್ಟು ಮಾಡಿಟ್ಟು ಹೋಗ್ತಿದ್ರು. ಆ ಮೆಸೇಜ್ ನೋಡಿದ ಮೇಲೆ ಬೇಡ ಅಂದ್ಬಿಟ್ಟೆ."

ಮೂರ್ತಿ ಮಹಡಿಯ ಕೋಣೆಯಲ್ಲಿ ಆಲ್ಬಮ್ ತಾವೇ ತೆಗೆದುಕೊಟ್ಟರು. ಹನ್ನೊಂದನೇ ಪುಟದಲ್ಲಿ ಲಾರ್ಕ್‌ಫೀಲ್ಡ್, ಒಂದು ಪೌಂಡ್. ಋಷಿಕೇಶ್ ಲೆನ್ಸಿನಲ್ಲಿ ಎರಡು ಸಲ ಎಣಿಸಿ "ಟ್ವೆಲ್ವ್" ಎಂದ. ಕೆಳಗಿನ ಹಳೆಯ ಚೀಟಿಯಲ್ಲಿ ಮೂರ್ತಿಯ ಕೈಬರಹದಲ್ಲಿ 'ಸಾಧಾರಣ' ಎಂದಿತ್ತು. ಆ ಪದದ ಮೇಲೆ ಹೊಸ ಶಾಯಿಯಲ್ಲಿ ಗೀಟು ಎಳೆದಿತ್ತು. ಅದರ ಮುಂದೆ ಏನೂ ಬರೆದಿರಲಿಲ್ಲ.

"ಇದೆಲ್ಲಿಂದ ಬಂತ್ರಿ?"

"ಒಂದು ಮೇಳದಲ್ಲಿ ತಗೊಂಡೆ. ಹೋದ ವರ್ಷ."

"ನೀವು 2019ರಾಗ ತಗೊಂಡಿದ್ದ ಹತ್ತೆಲಿದು?"

"ಯಾರಿಗೋ ಕೊಟ್ಟೆ. ನೆನಪಿಲ್ಲ." ಆಮೇಲೆ ತಣ್ಣಗೆ ಅಂದರು: "ಏಳಿವೆ ಅಂತಾರೆ. ಒಂದು ಡಾಕ್ಟರ ಹತ್ರ ಇತ್ತು, ಇನ್ನೊಂದು ನನ್ನ ಹತ್ರ ಇರಬಾರದೇ? ಇದಕ್ಕೆ ನಂಬರ್ ಇರಲ್ಲ ಮೇಡಂ. ಇದು ಅವರದೇ ಅಂತ ಹೇಗೆ ಹೇಳ್ತೀರಿ?"

ಮಾತು ಸರಿಯಾಗಿತ್ತು. ಡಾಕ್ಟರ ಹತ್ತಿರವಿದ್ದ ಒಂದೇ ಫೋಟೋ ಹನ್ನೊಂದು ವರ್ಷ ಹಳೆಯದು, ಮಸುಕು. ಚಿಪ್ಪನ್ನು ವಶಪಡಿಸಿಕೊಂಡು ಇಬ್ಬರೂ ಹೊರಬಂದರು.

ಕಾರಿನಲ್ಲಿ ಋಷಿಕೇಶ್ ಲಕೋಟೆಯನ್ನು ಬೆಳಕಿಗೆ ಹಿಡಿದ. "ಮ್ಯಾಮ್, ದೇರ್ಸ್ ಎ ರೆಡ್ ಸ್ಪಾಟ್."

ಚಿಪ್ಪಿನ ಹಿಂಬದಿಯ ಅಂಚಿನಲ್ಲಿ ಬೆರಳ ತುದಿಯಷ್ಟು ಇಟ್ಟಿಗೆಗೆಂಪು ಕಲೆ. ಸುತ್ತಲಿನ ಮೈ ಮಂಕಾಗಿತ್ತು, ಯಾರೋ ಉಜ್ಜಿ ತೊಳೆದ ಹಾಗೆ. ಡಾಕ್ಟರು ಫೋನಿನಲ್ಲಿ ಆಣೆ ಮಾಡಿ ಹೇಳಿದರು: ತಮ್ಮ ಚಿಪ್ಪಿನಲ್ಲಿ ಎಂದೂ ಕೆಂಪು ಕಲೆ ಇರಲಿಲ್ಲ.

"ದೆನ್ ಇಟ್ಸ್ ನಾಟ್ ಹಿಸ್," ಎಂದ ಋಷಿಕೇಶ್.

ಸ್ಮೃತಿ ಗಾಡಿ ಸ್ಟಾರ್ಟ್ ಮಾಡಲಿಲ್ಲ. ಬೆರಳ ತುದಿಯಷ್ಟು. ಉಂಗುರದ ಬೆರಳು. "ನಿಮ್ಮನ್ಯಾಗ ಆರತಿಗೆ ಕೆಂಪು ನೀರು ಮಾಡ್ತಾರಲ್ಲ, ಹೆಂಗ ಮಾಡ್ತಾರ?"

"ಟರ್ಮರಿಕ್. ಅಂಡ್ ದಟ್ ವೈಟ್ ಥಿಂಗ್. ಸುಣ್ಣ."

"ಅರಿಶಿಣಕ್ಕ ಸುಣ್ಣಾನ ಆಗಬೇಕಂತಿಲ್ಲ. ಸಾಬೂನು, ಸೋಡಾ ಹಾಕಿದ್ರೂ ಕೆಂಪಾಗ್ತದ. ಬುಧವಾರ ಏನಿತ್ತಪ್ಪ ಆ ಮನ್ಯಾಗ?"

ಋಷಿಕೇಶ್ ಅವಳ ಮುಖ ನೋಡಿ ಮೊದಲ ಸಲ ಇಂಗ್ಲಿಷ್ ಬೆರೆಸದೆ ಹೇಳಿದ. "ಆಯುಧಪೂಜೆ."

*

ಅದೇ ದಿನ ಸಂಜೆ 5ಕ್ಕೆ ಮತ್ತೆ ಸೌತ್ ಹ್ಯಾರೋ. ಅಕ್ಕಿಹಿಟ್ಟಿನ ಚೀಲಗಳು ಬಿಚ್ಚದೆ ಹಾಗೇ ಇದ್ದವು.

"ಶಿವಕ್ಕ, ಸುಳ್ಳು ಹೇಳಿದ್ದಕ್ಕ ನಾ ಏನೂ ಅನ್ನೂದಿಲ್ಲ. ಬುಧವಾರ ಆ ಮೇಜು ತಗದ್ರೋ ಇಲ್ಲೋ?"

ಶಿವಕ್ಕ ನೆಲ ನೋಡಿಕೊಂಡು ಹೇಳಿದರು. "ಎಲ್ಲಾದ್ಕೂ ಅರಿಶಿನ ಕುಂಕುಮ ಇಟ್ಟೆ ಕಣವ್ವ. ಕಾರು, ಮಿಕ್ಸಿ, ಡಾಕ್ಟ್ರು ಕಿವಿಗಾಕ್ಕಳದು, ಲ್ಯಾಪ್‌ಟಾಪು. ಅವರು ಜೀವ ಮಡೀಕಂಡಿರದು ಆ ಬಿಲ್ಲೆ ಮ್ಯಾಲೆ. ಅದುಕ್ಕೆ ಇಡದೆ ಬುಟ್ರೆ ಎಂಗೆ ಅನ್ನುಸ್ತು. ಭಾನುವಾರ ಭಾನುವಾರ ಅವರು ಎತ್ತಿ ಎತ್ತಿ ನೋಡದು ಮಧ್ಯದ್ದೊಂದ್ನೇ. ಅದುಕ್ಕೊಂದು ಬೊಟ್ಟು ಅರಿಶಿನ ಇಟ್ಟೆ. ಇಟ್ಟ ಮ್ಯಾಲೆ ಗ್ಯಾನ ಬಂತು, ಮುಟ್ಟಿದ್ರೆ ಬೈತಾರೆ ಅಂತ. ಸೆರಗಲ್ಲಿ ಒರೆಸ್ದೆ. ಅಳದಿ ಪೂರ್ತಿ ಹೋಗ್ಲಿಲ್ಲ. ಮಗುಚಿ ಮಡಗ್ಬುಟ್ಟು ಬಂದೆ."

"ನನಗ ಮೊದ್ಲ ಯಾಕ ಹೇಳ್ಲಿಲ್ಲ?"

"ಗಾಜಿನ ಮುಚ್ಚಳ ತಗ್ದೆ, ಮುಟ್ಟಿದೆ ಅಂದ್ರೆ ಕದ್ದೋಳೂ ನಾನೇ ಅಂತಿದ್ರಿ."

"ಅಂತಿದ್ದೆ," ಎಂದಳು ಸ್ಮೃತಿ. "ಈಗ ಸಹಿ ಮಾಡಿ ಕೊಡ್ರಿ. ಆ ಬಿಲ್ಲೆ ಆ ಮನೀದು ಅನ್ನಾಕ ಇರೂ ಗುರುತು ಇದೊಂದ."

ಚಿಪ್ಪು ಪ್ರಯೋಗಾಲಯಕ್ಕೆ ಹೋಯಿತು. ವರದಿ ಬರುವ ಮೊದಲು ದೀಪಾವಳಿ ಬಂದು ಹೋಯಿತು. ಆ ಎರಡು ವಾರ ಶಿವಕ್ಕ ಉಳಿದ ಮೂರು ಮನೆ ಮಾಡಿದರು. ಡಾಕ್ಟರ ಸಂದೇಶ ಗುಂಪಿನಲ್ಲಿ ಇದ್ದಲ್ಲೇ ಇತ್ತು.

ಅಕ್ಟೋಬರ್ 28ರ ವರದಿ ಒಂದೂವರೆ ಪುಟ: ಕಲೆ ಅರಿಶಿಣದ್ದು, ಸೋಪು ಮತ್ತು ಅಡುಗೆ ಸೋಡಾದ ಅಂಶದಿಂದ ಕೆಂಪಾಗಿದೆ, ಕೆಲವೇ ವಾರಗಳ ಹಿಂದಿನದು.

*

29ರ ಬೆಳಿಗ್ಗೆ 7.40ಕ್ಕೆ ನರಸಿಂಹಮೂರ್ತಿಯವರನ್ನು ಕಳ್ಳತನದ ಆರೋಪದ ಮೇಲೆ ಮನೆಯಲ್ಲೇ ಬಂಧಿಸಲಾಯಿತು. ಋಷಿಕೇಶ್ ಅವರ ಹಕ್ಕುಗಳನ್ನು ಓದಿ ಹೇಳಿದ. ಭುವನೇಶ್ವರಿ ಮೆಟ್ಟಿಲ ಮೇಲೆ ಕೂತಿದ್ದರು. ಗಂಡನಿಗೆ ಸ್ವೆಟರ್ ಕೊಡಲು ಎದ್ದವರು, ಕೊಡದೆ ಮತ್ತೆ ಕೂತರು.

10.15ಕ್ಕೆ ವಕೀಲರ ಸಮಕ್ಷಮ ವಿಚಾರಣೆ ಶುರುವಾಯಿತು. ಮಾತು ಇಂಗ್ಲಿಷಿನಲ್ಲಿತ್ತು; ಮೂರ್ತಿ ಆಗಾಗ ಕನ್ನಡಕ್ಕೆ ಜಾರುತ್ತಿದ್ದರು, ಅದರ ಅನುವಾದ ಆಮೇಲೆ ಫೈಲಿಗೆ ಸೇರಿತು. ವರದಿ ಓದಿಸಿದ ಮೇಲೆ ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಹಳದಿ ಕಲೆ ಮನೆಗೆ ಬಂದ ಮೇಲೆ ನೋಡಿದೆ. ಚಿಪ್ ತೊಳೀಬಾರದು ಅಂತ ನಂಗೆ ಗೊತ್ತಿಲ್ವಾ? ಆದ್ರೆ ಆ ಕಲೆ ಅವರ ಮನೇದು ಅನ್ನಿಸ್ತು, ಇಟ್ಕೊಳ್ಳೋಕಾಗ್ಲಿಲ್ಲ. ಸೋಪಲ್ಲಿ ಹೋಗ್ಲಿಲ್ಲ, ಸೋಡಾ ಹಾಕ್ದೆ. ಕೆಂಪಾಯ್ತು. ನಮ್ಮಮ್ಮ ಅರಿಶಿನದಿಂದ ಕುಂಕುಮ ಮನೇಲೇ ಮಾಡ್ತಿದ್ರು ಮೇಡಂ. ಆದ್ರೂ ಹೊಳೀಲಿಲ್ಲ."

"ಮಾರುವ ಯೋಚನೆಯಿತ್ತೆ?"

"ಇಲ್ಲ. ಹತ್ತೆಲೆದನ್ನ ಜೇಬಲ್ಲಿಟ್ಕೊಂಡು ಮೂರು ಸಲ ಅವರ ಮನೆಗೆ ಹೋಗಿ ಹಾಗೇ ವಾಪಸ್ ತಂದಿದೀನಿ. ನಾಲ್ಕನೇ ಸಲ ಬೀಗರ ಮುಂದೆ ಶುರು ಮಾಡಿದ್ರು. 'ನಮ್ಮ ಮೂರ್ತಿಗೆ ಹತ್ತರ ಮೇಲೆ ಎಣಿಸಕ್ಕೆ ಬರಲ್ಲ' ಅಂತ. ನನ್ನ ಮಗಳು ತಲೆ ತಗ್ಗಿಸಿದ್ಲು. ಆ ಚಿಪ್ ಅಲ್ಲಿ ಇಲ್ದಿದ್ರೆ ಕತೆ ಹೇಳೋಕಾಗಲ್ಲ ಅಂದ್ಕೊಂಡೆ."

"ಶಿವಕ್ಕನ್ನ ನಿಮ್ಮನ್ಯಾಗ ಬ್ಯಾಡ ಅಂದಾಗ ನೀವು ಎಲ್ಲಿದ್ರಿ?" ಸ್ಮೃತಿ ಈ ಒಂದು ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದಳು.

"ಅಲ್ಲೇ. ಡೈನಿಂಗ್ ಟೇಬಲ್ ಹತ್ರ."

"ಏನಂದ್ರಿ?"

ಮೂರ್ತಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಸ್ವಲ್ಪ ಸರಿಸಿದರು. "ಏನೂ ಅನ್ಲಿಲ್ಲ."

ಸ್ಮೃತಿ ಆಲ್ಬಮ್ಮಿನ ಚೀಟಿಯ ಫೋಟೋವನ್ನು ಅವರ ಮುಂದಿಟ್ಟಳು.

ಮರುದಿನ ಡಾಕ್ಟರು ಠಾಣೆಗೆ ಬಂದರು. ಚಿಪ್ಪು ನ್ಯಾಯಾಲಯದ ಕೆಲಸ ಮುಗಿಯುವವರೆಗೆ ಸಿಗುವುದಿಲ್ಲ. ಸ್ಮೃತಿ ಅದರ ಫೋಟೋ ಮಾತ್ರ ತೋರಿಸಿದಳು. ತೊಳೆದದ್ದನ್ನೂ ಕಲೆಯನ್ನೂ ಲೆಕ್ಕ ಹಾಕಿ ಮಿಸೆಸ್ ಪ್ರಿಚರ್ಡ್ ಈಗ ಕಟ್ಟಿದ ಬೆಲೆ ಆರುನೂರು ಪೌಂಡ್. ಡಾಕ್ಟರು ಫೋಟೋವನ್ನು ಬಹಳ ಹೊತ್ತು ನೋಡಿದರು. "ಮೂವತ್ತಕ್ಕೆ ತಗೊಂಡಿದ್ದು..." ಎಂದು ಋಷಿಕೇಶನ ಕಡೆ ತಿರುಗಿದವರು, ಪಕ್ಕದಲ್ಲಿದ್ದ ಮೀರಾ ಅವರ ಕಡೆ ನೋಡಿ, ಮುಂದಕ್ಕೆ ಹೇಳಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಫೋನ್ ತೆಗೆದರು. ಸಂದೇಶ ಬರೆಯಲು ಇಪ್ಪತ್ತೈದು ನಿಮಿಷ ಹಿಡಿಯಿತು. ಈ ಸಲ ಹೆಸರು ಹಾಕಿದ್ದರು: ಶಿವಕ್ಕನವರ ಮೇಲೆ ನಾನು ತಪ್ಪು ಹೊರಿಸಿದೆ.

ಆ ವಾರ ನಾಲ್ಕು ಮನೆಯವರು ಶಿವಕ್ಕನಿಗೆ ಫೋನ್ ಮಾಡಿದರು. ಭುವನೇಶ್ವರಿ ಫೋನ್ ಮಾಡಲಿಲ್ಲ. ಬಸ್ಸು ಹಿಡಿದು ಬಂದು, ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದರು. ಸ್ಟ್ಯಾನ್ಮೋರ್‌ನ ಮನೆಗೆ ಮಾತ್ರ ಶಿವಕ್ಕ ಮತ್ತೆ ಹೋಗಲಿಲ್ಲ.

ಫೈಲ್ ಕಳಿಸುವ ಮೊದಲು ಸ್ಮೃತಿ ವಿಚಾರಣೆಯ ಕೊನೆಯ ಪುಟವನ್ನು ಮತ್ತೊಮ್ಮೆ ಓದಿದಳು. ಅಲ್ಲಿ ಅವಳು ಚೀಟಿಯ ಬಗ್ಗೆ ಕೇಳಿದ್ದಳು. 'ಸಾಧಾರಣ' ಎಂಬುದನ್ನು ಹೊಡೆದು ಹಾಕಿದ್ದೀರಿ, ಅದರ ಮುಂದೆ ಏನು ಬರೆಯಬೇಕೆಂದಿದ್ದಿರಿ?

ಉತ್ತರ ಹೀಗೆ ದಾಖಲಾಗಿತ್ತು: "ದಿನಾ ಪೆನ್ ಹಿಡ್ಕೊಂಡು ಕೂರ್ತಿದ್ದೆ. ಕೆಳಗೆ ಅಡುಗೆಮನೇಲಿ ನನ್ನ ಹೆಂಡ್ತಿ ಒಬ್ಳೇ ಒದ್ದಾಡೋ ಸದ್ದು ಕೇಳ್ತಿತ್ತು. ಬರಿಯೋಕಾಗ್ಲಿಲ್ಲ."